ಓದುಗರ ಪ್ರಶ್ನೆ, ನಮ್ಮ ಉತ್ತರ: ಮ್ಯಾಗ್ನೆಟ್ ಎಷ್ಟು ಅಲ್ಲಾಡಿಸಿದ್ರೂ ಎಲ್‌ಇಡಿ ಯಾಕೆ ಹತ್ತಲಿಲ್ಲ?

ಹೋದ ಸಂಚಿಕೆಯಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್ ಒಳಗೆ ಮ್ಯಾಗ್ನೆಟ್ ಆಡಿಸಿದ್ರೆ ಕರೆಂಟ್ ಹುಟ್ಟುತ್ತೆ, ಇದನ್ನ ಮನೇಲೇ ಮಾಡಿ ನೋಡಿ ಅಂತ ನಾಲ್ಕು ಸಾಲು ಬರೆದಿದ್ದೆ. ಮಾಡಿ ನೋಡಿದವರು ಬಹಳ ಜನ, ಅವರಲ್ಲಿ ಆಗಲಿಲ್ಲ ಅಂದವರೇ ಜಾಸ್ತಿ. ನಾಲ್ಕು ಸಾಲಲ್ಲಿ ಹೇಳಿ ಮುಗಿಸೋ ವಿಷಯ ಇದಾಗಿರಲಿಲ್ಲ, ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಸರ್ ನಮಸ್ತೆ. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ನೀವು ಬರೆದಿದ್ದು ಓದಿ ಮಕ್ಕಳ ಮುಂದೆ ಮಾಡಿದೆ, ದಪ್ಪ ತಂತಿ 60 ಸುತ್ತು ಸುತ್ತಿ ಲ್ಯಾಬ್‌ನಲ್ಲಿದ್ದ ದಂಡಕಾಂತ (ಬಾರ್ ಮ್ಯಾಗ್ನೆಟ್) ಒಳಗೆ ಹೊರಗೆ ಆಡಿಸಿದೆ, ಎಲ್‌ಇಡಿ ಒಂಚೂರೂ ಮಿಣುಕಲಿಲ್ಲ. ಮಲ್ಟಿಮೀಟರ್ ಹಾಕಿದ್ರೆ ಒಂದ್ಸಲ ಏನೋ ನಂಬರ್ ಬರುತ್ತೆ, ಇನ್ನೊಂದ್ಸಲ ಸೊನ್ನೆ. ಮೊಬೈಲಲ್ಲಿ ನೋಡಿದ ವಿಡಿಯೋದಲ್ಲಿ ಹತ್ತು ಸುತ್ತಿಗೇ ಬಲ್ಬ್ ಉರಿಯುತ್ತೆ. ನಾನು ಎಲ್ಲಿ ತಪ್ಪು ಮಾಡಿದೆ?

ಉತ್ತರ: ಮೇಡಂ, ನೀವು ಮಾಡಿದ್ರಲ್ಲಿ ತಪ್ಪಿಲ್ಲ, ಕರೆಂಟ್ ಖಂಡಿತ ಹುಟ್ಟಿದೆ, ಆದ್ರೆ ಎಲ್‌ಇಡಿ ಹತ್ತೋವಷ್ಟು ಹುಟ್ಟಿಲ್ಲ ಅಷ್ಟೆ. ಒಂದು ಅಂದಾಜು ಲೆಕ್ಕ ಹಾಕೋಣ. ಶಾಲೆ ಲ್ಯಾಬಿನ ದಂಡಕಾಂತ ಸಾಮಾನ್ಯವಾಗಿ ವರ್ಷಗಟ್ಟಲೆ ಬಿದ್ದು ಎದ್ದು ಶಕ್ತಿ ಕಳ್ಕೊಂಡಿರುತ್ತೆ, ಅದನ್ನ ಕೈಯಲ್ಲಿ ಜೋರಾಗಿ ಆಡಿಸಿದ್ರೂ ಒಂದೊಂದು ಸುತ್ತಿಗೆ ಸಿಗೋದು ಮಿಲಿವೋಲ್ಟ್‌ನ ಒಂದು ಚೂರು, 60 ಸುತ್ತಿಗೆ ಸೇರಿಸಿದ್ರೆ ಹತ್ತು ಹದಿನೈದು ಮಿಲಿವೋಲ್ಟ್. ಕೆಂಪು ಎಲ್‌ಇಡಿ ಹತ್ತಬೇಕು ಅಂದ್ರೆ ಹೆಚ್ಚುಕಮ್ಮಿ 1.8 ವೋಲ್ಟ್ ಬೇಕು, ಬಿಳಿ ನೀಲಿಗೆ ಮೂರು ವೋಲ್ಟ್ ಹತ್ರ ಬೇಕು. ಅಂದ್ರೆ ನೂರು ಪಟ್ಟಿಗಿಂತ ಜಾಸ್ತಿ ಕೊರತೆ. ಹತ್ತು ಸುತ್ತಿಗೆ ಬಲ್ಬ್ ಉರಿಸೋ ವಿಡಿಯೋಗಳಲ್ಲಿ ಎಲ್ಲೋ ಒಂದು ಬಟನ್ ಸೆಲ್ ಅಡಗಿಸಿರ್ತಾರೆ, ಅದನ್ನ ನೋಡಿ ಮಕ್ಕಳು ಮಾಡೋಕ್ ಹೋಗಿ ಆಗದೇ ಇದ್ದಾಗ ವಿಜ್ಞಾನ ನನ್ ಕೈಲಾಗಲ್ಲ ಅಂದ್ಕೊಳ್ತಾರೆ, ಅದು ನಂಗೆ ತುಂಬಾ ಸಂಕಟ ಕೊಡೋ ವಿಷಯ.

ಈಗ ಆಗೋ ಹಾಗೆ ಹೇಗೆ ಮಾಡೋದು ಹೇಳ್ತೀನಿ. ನಿಮ್ಮೂರಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡೋ ಅಂಗಡಿ ಇದ್ದೇ ಇರುತ್ತೆ. ಅಲ್ಲಿ ವೈಂಡಿಂಗ್ ವೈರ್ ತೂಕದ ಲೆಕ್ಕದಲ್ಲಿ ಕೊಡ್ತಾರೆ. 36 ಗೇಜ್ ಕೇಳಿ, ಕೂದಲಿಗಿಂತ ಒಂಚೂರು ದಪ್ಪ ಇರುತ್ತೆ, 50 ಗ್ರಾಂ ತಗೊಂಡ್ರೆ ಎರಡು ಕಾಯಿಲ್ ಆಗುತ್ತೆ. ಮನೆ ವೈರಿಂಗ್‌ಗೆ ಹಾಕೋ 20 ಎಂಎಂ ಪಿವಿಸಿ ಪೈಪ್ ಒಂದು ಗೇಣು ಕತ್ತರಿಸ್ಕೊಳಿ, ನಡುವೆ ಎರಡು ಸೆಂಟಿಮೀಟರ್ ಜಾಗ ಬಿಟ್ಟು ಎರಡೂ ಕಡೆ ಇನ್ಸುಲೇಷನ್ ಟೇಪ್ ಸುತ್ತಿ ಗೋಡೆ ಥರ ಎಬ್ಬಿಸಿ, ಆ ಎರಡು ಸೆಂಟಿಮೀಟರಲ್ಲೇ 1000 ಸುತ್ತು ಸುತ್ತಬೇಕು. ಶುರುವಲ್ಲಿ ಒಂದು ಗೇಣು ತಂತಿ ಹೊರಗೆ ಬಿಡೋದು ಮರೀಬೇಡಿ, ಅದು ಒಳಗೆ ಹೂತ್ಹೋದ್ರೆ ಎಲ್ಲಾ ಬಿಚ್ಚಬೇಕಾಗುತ್ತೆ. ಒಬ್ಬ ಹುಡುಗ ಸುತ್ತಲಿ, ಇನ್ನೊಬ್ಬಳು ಎಣಿಸಲಿ, ನೂರು ಆದಾಗೆಲ್ಲಾ ಸ್ಲೇಟ್ ಮೇಲೆ ಒಂದು ಗೀಟು. ಸಾಲಾಗಿ ಕೂರಲೇಬೇಕು ಅಂತೇನಿಲ್ಲ, ಹೆಂಗೆಂಗೋ ಸುತ್ತಿದ್ರೂ ನಡೆಯುತ್ತೆ, ಆದ್ರೆ ಎಲ್ಲಾ ಒಂದೇ ದಿಕ್ಕಿಗೆ ಇರಬೇಕು, ಮಧ್ಯದಲ್ಲಿ ತಿರುಗಿಸಿ ಉಲ್ಟಾ ಸುತ್ತಿದ್ರೆ ಒಂದರ ಕರೆಂಟನ್ನ ಇನ್ನೊಂದು ತಿಂದ್ಹಾಕುತ್ತೆ.

ಮ್ಯಾಗ್ನೆಟ್ ನಿಯೋಡೈಮಿಯಂದು (ಚಿಕ್ಕದಾದ್ರೂ ಬಲು ಜೋರಾದ ಥರದ್ದು) ತಗೊಳಿ, 15 ಎಂಎಂ ಅಗಲದ ಬಿಲ್ಲೆಗಳು ನಾಲ್ಕು ಒಂದರ ಮೇಲೊಂದು ಅಂಟಿಸಿದ್ರೆ ಎರಡು ಸೆಂಟಿಮೀಟರ್ ಉದ್ದದ ಗಟ್ಟಿ ಕಾಂತ ಆಗುತ್ತೆ. ಮ್ಯಾಗ್ನೆಟ್ ಉದ್ದ ಮತ್ತೆ ಕಾಯಿಲ್ ಅಗಲ ಹತ್ರ ಹತ್ರ ಒಂದೇ ಇಡೋದಕ್ಕೆ ಕಾರಣ ಇದೆ. ಹತ್ತಿಪ್ಪತ್ತು ಸೆಂಟಿಮೀಟರ್ ಉದ್ದಕ್ಕೆ ಕಾಯಿಲ್ ಹರಡಿಬಿಟ್ರೆ ಮ್ಯಾಗ್ನೆಟ್ ಅದರ ನಡುವೆ ಓಡಾಡುವಾಗ ಮುಂದಿನ ಧ್ರುವ ಹುಟ್ಟಿಸಿದ್ದನ್ನ ಹಿಂದಿನ ಧ್ರುವ ಹುಟ್ಟಿಸಿದ್ದು ಹೊಡೆದುಹಾಕುತ್ತೆ, ಕೊನೆಗೆ ಸೊನ್ನೆ. ಎಷ್ಟೋ ಜನ ಇಲ್ಲೇ ಸಿಕ್ಕಿಬೀಳ್ತಾರೆ. (ನಿಯೋಡೈಮಿಯಂ ಬಿಲ್ಲೆ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ಎರಡು ನುಂಗಿಬಿಟ್ರೆ ಕರುಳಿನ ಒಳಗೆ ಒಂದನ್ನೊಂದು ಎಳ್ಕೊಂಡು ಕರುಳು ತೂತು ಬೀಳುತ್ತೆ, ಆಪರೇಷನ್ನೇ ಆಗಬೇಕಾಗುತ್ತೆ. ಪಾಠ ಮುಗಿದ ಮೇಲೆ ಎಣಿಸಿ ಬೀಗ ಹಾಕಿಡಿ.)

ಇನ್ನು ಅತಿ ಮುಖ್ಯವಾದದ್ದು. ವೈಂಡಿಂಗ್ ವೈರ್ ನೋಡೋಕೆ ಬರೀ ತಾಮ್ರದ ಥರ ಹೊಳೆಯುತ್ತೆ, ಆದ್ರೆ ಅದರ ಮೈಮೇಲೆ ವಾರ್ನಿಷ್ ಪದರ ಇದೆ, ಅದಿರೋದಕ್ಕೇ ಸುತ್ತು ಸುತ್ತಿಗೆ ತಾಗಿದ್ರೂ ಶಾರ್ಟ್ ಆಗಲ್ಲ. ಎರಡೂ ತುದಿ ಸ್ಯಾಂಡ್ ಪೇಪರ್ ಮಧ್ಯೆ ಇಟ್ಟು ಮೆಲ್ಲಗೆ ಎಳೆದು ಎಳೆದು ಸುತ್ತಲೂ ಕೆರೀಬೇಕು, ಕೆಂಪುಗಂದು ಬಣ್ಣ ಹೋಗಿ ಗುಲಾಬಿ ತಾಮ್ರ ಕಾಣೋವರೆಗೂ. ಒಂದ್ಸಲ ನಾನು ಒಂದು ಶಾಲೆಗೆ ಹೋಗಿದ್ದಾಗ ನಲವತ್ತು ಮಕ್ಕಳು ಕಾಯ್ತಾ ಕೂತಿದ್ರು, ಅರ್ಧ ಗಂಟೆ ಒದ್ದಾಡಿದ್ರೂ ಏನೂ ಬರಲಿಲ್ಲ, ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಬಂದು ತಂತಿ ತುದಿ ಬೆಳಕಿಗೆ ಹಿಡಿದು ನೋಡಿ ಒಂದು ಪಕ್ಕ ಕೆರೆದೇ ಇಲ್ಲ ಸರ್ ಅಂದಳು, ಕೆರೆದ ತಕ್ಷಣ ಹತ್ತಿತು. ಅವರಪ್ಪ ಮೋಟರ್ ಮೆಕ್ಯಾನಿಕ್ ಅಂತೆ.

ಈಗ ತುದಿಗಳಿಗೆ ಒಂದು ಕೆಂಪು ಎಲ್‌ಇಡಿ ಕಟ್ಟಿ, ಅದರ ಪಕ್ಕದಲ್ಲೇ ಒಂದು ಹಸಿರು ಎಲ್‌ಇಡಿ ಉಲ್ಟಾ ಮಾಡಿ ಕಟ್ಟಿ, ಅಂದ್ರೆ ಕೆಂಪಿನ ಉದ್ದ ಕಾಲಿಗೆ ಹಸಿರಿನ ಗಿಡ್ಡ ಕಾಲು. ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ಮಾತ್ರ ಹತ್ತುತ್ತೆ, ಅದಕ್ಕೇ ಎರಡು. ಪೈಪಿನೊಳಗೆ ಮ್ಯಾಗ್ನೆಟ್ ಬಿಟ್ಟು ಎರಡೂ ಬಾಯಿಗೆ ಹತ್ತಿ ತುರುಕಿ ಟೇಪ್ ಹಾಕಿ, ಕಿಟಕಿ ಮುಚ್ಚಿ, ಜೋರಾಗಿ ಕುಲುಕಿ. ಮ್ಯಾಗ್ನೆಟ್ ಕಾಯಿಲ್ ಒಳಗೆ ನುಗ್ಗುವಾಗ ಒಂದು ಬಣ್ಣ, ಆಚೆ ಹೋಗುವಾಗ ಇನ್ನೊಂದು ಬಣ್ಣ. ಕಣ್ಣಿಗೆ ಎರಡೂ ಒಟ್ಟಿಗೇ ಹತ್ತಿದ ಹಾಗೆ ಕಾಣುತ್ತೆ, ಆದ್ರೆ ಕತ್ತಲಲ್ಲಿ ಕೈ ಬೀಸ್ತಾ ಕುಲುಕಿದ್ರೆ ಗಾಳಿಯಲ್ಲಿ ಕೆಂಪು ಚುಕ್ಕಿ ಹಸಿರು ಚುಕ್ಕಿ ಬೇರೆ ಬೇರೆಯಾಗಿ ಎಳೆದ ಹಾಗೆ ಕಾಣುತ್ತೆ. ಎಸಿ ಕರೆಂಟ್ (ದಿಕ್ಕು ಬದಲಾಯಿಸ್ತಾನೇ ಇರೋ ಕರೆಂಟ್) ಅಂದ್ರೆ ಏನು ಅಂತ ಬೋರ್ಡ್ ಮೇಲೆ ಎಷ್ಟು ಗೆರೆ ಎಳೆದ್ರೂ ಮಕ್ಕಳಿಗೆ ಹೋಗದೇ ಇರೋದು ಈ ಎರಡು ಚುಕ್ಕಿ ನೋಡಿದ್ರೆ ಹೋಗುತ್ತೆ. ಎಲ್ಲಾ ಆದ ಮೇಲೆ ಒಂದು ಕೆಲಸ ಮಾಡಿ, ಮ್ಯಾಗ್ನೆಟ್ಟನ್ನ ಕಾಯಿಲ್ ನಡುವೆ ತಂದು ನಿಲ್ಲಿಸಿ ಸುಮ್ನಿರಿ. ಲೈಟಿಲ್ಲ. ಅಷ್ಟು ಬಲವಾದ ಮ್ಯಾಗ್ನೆಟ್ ಅಷ್ಟು ಸುತ್ತಿನ ಒಳಗೇ ಕೂತಿದೆ, ಆದ್ರೂ ಏನೂ ಇಲ್ಲ, ಯಾಕಂದ್ರೆ ಕರೆಂಟ್ ಹುಟ್ಟಿಸೋದು ಕಾಂತಕ್ಷೇತ್ರ ಅಲ್ಲ, ಕಾಂತಕ್ಷೇತ್ರ ಬದಲಾಗೋದು. ಈ ಪ್ರಯೋಗದ ಜೀವಾಳ ಇದೊಂದೇ, ಲೈಟ್ ಹತ್ತಿದ್ದಕ್ಕಿಂತ ನಿಲ್ಲಿಸಿದಾಗ ಹತ್ತದೇ ಇದ್ದದ್ದನ್ನ ಮಕ್ಕಳಿಗೆ ಜಾಸ್ತಿ ಹೊತ್ತು ತೋರಿಸಿ.

ನಿಮ್ಮ ಮಲ್ಟಿಮೀಟರ್ ವಿಷಯ: ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಳತೆ ತೋರಿಸುತ್ತೆ, ಮ್ಯಾಗ್ನೆಟ್ ಕಾಯಿಲ್ ದಾಟೋದು ಕಣ್ಣು ಮಿಟುಕಿಸೋದರೊಳಗೆ, ಸಿಕ್ಕಿದ್ರೆ ಸಿಕ್ಕಿತು ಇಲ್ಲಾಂದ್ರೆ ಇಲ್ಲ. ಮುಳ್ಳು ಇರೋ ಮೀಟರ್ ಬೇಕು. ಲ್ಯಾಬಲ್ಲಿ ಗ್ಯಾಲ್ವನೋಮೀಟರ್ ಇದ್ರೆ ನಿಮ್ಮ 60 ಸುತ್ತಿನ ಕಾಯಿಲ್‌ಗೇ ಮುಳ್ಳು ಆಡುತ್ತೆ ನೋಡಿ. ಇಲ್ಲಾಂದ್ರೆ ಹಳೇ ಟೇಪ್ ರೆಕಾರ್ಡರ್‌ನಲ್ಲಿ ಹಾಡಿಗೆ ತಕ್ಕ ಹಾಗೆ ಕುಣೀತಿದ್ದ ಮುಳ್ಳಿನ ಮೀಟರ್ ಬಿಚ್ಕೊಳಿ, ಚೆನ್ನಾಗಿ ಕೆಲಸ ಮಾಡುತ್ತೆ. ಅದೂ ಇಲ್ಲ ಅಂದ್ರೆ ದಿಕ್ಸೂಚಿ ಡಬ್ಬಿಗೆ ಅದೇ ತಂತಿ 50 ಸುತ್ತು ಸುತ್ತಿ ಕಾಯಿಲ್‌ಗೆ ಸೇರಿಸಿ. ಆದ್ರೆ ದಿಕ್ಸೂಚಿ ಹತ್ರ ಇದ್ರೆ ಮ್ಯಾಗ್ನೆಟ್ ನೇರವಾಗೇ ಮುಳ್ಳನ್ನ ಎಳೆಯುತ್ತೆ, ಮಕ್ಕಳು ಮೋಸ ಅಂತಾರೆ, ಅದು ನ್ಯಾಯವೇ. ಎರಡು ಮೀಟರ್ ಉದ್ದದ ವೈರ್ ಹಾಕಿ ದೂರ ಇಡಿ.

ದೂರ ಅಂದ ತಕ್ಷಣ ಒಂದು ಕಥೆ ಹೇಳಲೇಬೇಕು. 1825ರಲ್ಲಿ ಜಿನೀವಾದಲ್ಲಿ ಕೊಲಾಡನ್ ಅನ್ನೋ ವಿಜ್ಞಾನಿ ಇದೇ ಪ್ರಯೋಗ ಮಾಡಿದ್ರು, ಕಾಯಿಲ್ ಇತ್ತು, ಬಲವಾದ ಮ್ಯಾಗ್ನೆಟ್ ಇತ್ತು, ಮ್ಯಾಗ್ನೆಟ್ ಪ್ರಭಾವ ಮುಳ್ಳಿಗೆ ತಾಗಬಾರದು ಅಂತ ಗ್ಯಾಲ್ವನೋಮೀಟರನ್ನ ಪಕ್ಕದ ರೂಮಲ್ಲಿ ಇಟ್ಟಿದ್ರು. ಈ ರೂಮಲ್ಲಿ ಮ್ಯಾಗ್ನೆಟ್ ತಂದು ಇಟ್ಟು, ಆ ರೂಮಿಗೆ ನಡ್ಕೊಂಡು ಹೋಗಿ ನೋಡಿದ್ರೆ ಮುಳ್ಳು ಸೊನ್ನೆಯಲ್ಲಿ. ಅವರು ನಡೆಯೋವಷ್ಟರಲ್ಲಿ ಮುಳ್ಳು ಹೋಗಿ ವಾಪಸ್ ಬಂದು ನಿಂತಾಗಿತ್ತು. ಆರು ವರ್ಷ ಆದ ಮೇಲೆ 1831ರ ಆಗಸ್ಟ್ 29ಕ್ಕೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಕಾಯಿಲ್ ಸುತ್ತಿ, ಒಂದಕ್ಕೆ ಬ್ಯಾಟರಿ ಮುಟ್ಟಿಸಿದಾಗ ಇನ್ನೊಂದಕ್ಕೆ ಕಟ್ಟಿದ ಮುಳ್ಳು ಒಂದ್ಸಲ ನಡುಗಿ ನಿಂತಿದ್ದನ್ನ, ಬ್ಯಾಟರಿ ತೆಗೆದಾಗ ಮತ್ತೆ ನಡುಗಿದ್ದನ್ನ ನೋಡಿದ್ರು. ಅಕ್ಟೋಬರ್ 17ಕ್ಕೆ ಟೊಳ್ಳು ಕಾಯಿಲ್ ಒಳಗೆ ದಂಡಕಾಂತ ನುಗ್ಗಿಸಿದ್ರು, ನಿಮ್ಮ ಕ್ಲಾಸಲ್ಲಿ ನೀವು ಮಾಡಿದ್ರಲ್ಲ, ಅದೇ. ಕಮ್ಮಾರನ ಮಗ, ಬುಕ್ ಬೈಂಡಿಂಗ್ ಕಲಿತು ಬೆಳೆದವರು, ಆ ಕಾಲಕ್ಕೆ ಇವತ್ತಿನ ವಾರ್ನಿಷ್ ವೈರ್ ಸಿಗ್ತಿರಲಿಲ್ಲ, ಬರೀ ತಾಮ್ರದ ತಂತಿ ಸುತ್ತಿ ಸುತ್ತು ಸುತ್ತಿನ ಮಧ್ಯೆ ದಾರ, ಪದರ ಪದರದ ಮಧ್ಯೆ ಹತ್ತಿಬಟ್ಟೆ ಇಟ್ಟು ಶಾರ್ಟ್ ಆಗದ ಹಾಗೆ ನೋಡ್ಕೊಂಡಿದ್ರು. ಒಂದು ಸಾವಿರ ಸುತ್ತು ಕೈಯಲ್ಲಿ ಸುತ್ತಿದ ಮಕ್ಕಳಿಗೆ ಆ ದಾರ ಬಟ್ಟೆಯ ಕೆಲಸ ಎಷ್ಟು ತಾಳ್ಮೆಯದ್ದು ಅಂತ ನೀವು ಹೇಳದೇ ಗೊತ್ತಾಗುತ್ತೆ.

ಹಾಗಾಗಿ ಮೇಡಂ, ದಿಕ್ಸೂಚಿ ದೂರ ಇಡಿ, ಆದ್ರೆ ಕಣ್ಣಿಗೆ ಕಾಣೋ ಹಾಗೆ ಇಡಿ, ಮ್ಯಾಗ್ನೆಟ್ ಆಡಿಸೋರು ಒಬ್ಬರು, ಮುಳ್ಳು ನೋಡೋರು ಒಬ್ಬರು.

ಪ್ರಶ್ನೆ: ದಾವಣಗೆರೆಯಿಂದ ಬರೀತಿದ್ದೀನಿ. ಮ್ಯಾಗ್ನೆಟ್ ಶಕ್ತಿ ಖಾಲಿ ಆಗಲ್ಲ ಅಂದ್ಮೇಲೆ, ಮ್ಯಾಗ್ನೆಟ್‌ಗಳನ್ನ ಚಕ್ರಕ್ಕೆ ಕಟ್ಟಿ ಒಂದ್ಸಲ ತಿರುಗಿಸಿ ಬಿಟ್ರೆ ಕಾಯಿಲ್‌ನಿಂದ ಕರೆಂಟ್ ಬರ್ತಾನೇ ಇರಬೇಕಲ್ವಾ? ಫ್ರೀ ಎನರ್ಜಿ ಮೆಷಿನ್ ಅಂತ ಒಬ್ರು ಮಾರ್ತಿದ್ದಾರೆ, ತೋಟದ ಮನೆಗೆ ತಗೋಬಹುದಾ?

ಉತ್ತರ: ದಯವಿಟ್ಟು ದುಡ್ಡು ಕೊಡಬೇಡಿ. ಚಕ್ರ ಖಂಡಿತ ನಿಂತುಹೋಗುತ್ತೆ, ಅದೂ ಬಲ್ಬ್ ಹಾಕಿದಾಗ ಇನ್ನೂ ಬೇಗ ನಿಲ್ಲುತ್ತೆ. ನಿಮ್ಮ ಹತ್ರ ಹಳೇ ಸೈಕಲ್ ಡೈನಮೋ ಇದ್ರೆ ಕೈಯಲ್ಲೇ ತಿರುಗಿಸಿ ನೋಡಿ, ಬಲ್ಬ್ ಸೇರಿಸದೇ ಒಂದ್ಸಲ, ಸೇರಿಸಿ ಒಂದ್ಸಲ, ಸೇರಿಸಿದಾಗ ಭಾರ ಆಗೋದು ಬೆರಳಿಗೇ ಗೊತ್ತಾಗುತ್ತೆ. ಹುಟ್ಟಿದ ಕರೆಂಟ್ ತನ್ನನ್ನ ಹುಟ್ಟಿಸಿದ ಚಲನೆಯನ್ನೇ ತಡೆಯುತ್ತೆ, ಇದನ್ನ 1834ರಲ್ಲಿ ಲೆಂಜ್ ಅನ್ನೋ ವಿಜ್ಞಾನಿ ನಿಯಮ ಮಾಡಿ ಹೇಳಿದ್ರು. ಬಲ್ಬಿನ ಬೆಳಕು ಬಂದಿದ್ದು ಮ್ಯಾಗ್ನೆಟ್ಟಿಂದ ಅಲ್ಲ, ತಿರುಗಿಸಿದ ನಿಮ್ಮ ಕೈಯಿಂದ, ಅಂದ್ರೆ ನೀವು ತಿಂದ ಮುದ್ದೆಯಿಂದ. ಮ್ಯಾಗ್ನೆಟ್ ಬರೀ ಮಧ್ಯವರ್ತಿ.

ಇದನ್ನ ಕಣ್ಣಾರೆ ನೋಡಬೇಕು ಅಂದ್ರೆ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಪೈಪ್ ತಗೊಳಿ, ಕರ್ಟನ್ ರಾಡ್ ಆದ್ರೂ ಆಗುತ್ತೆ, ಗೋಡೆ ದಪ್ಪ ಇದ್ದಷ್ಟೂ ಒಳ್ಳೇದು. ಮೊದಲು ಅದು ಮ್ಯಾಗ್ನೆಟ್‌ಗೆ ಅಂಟಲ್ಲ ಅಂತ ಎಲ್ಲರಿಗೂ ತೋರಿಸಿ. ಪೈಪ್ ನೆಟ್ಟಗೆ ಹಿಡಿದು ಮೇಲಿಂದ ಒಂದು ಕಬ್ಬಿಣದ ನಟ್ ಬಿಡಿ, ಅರ್ಧ ಸೆಕೆಂಡಿನೊಳಗೆ ಠಣ್ ಅಂತ ನೆಲಕ್ಕೆ. ಆಮೇಲೆ ಪೈಪಿಗೆ ಸ್ವಲ್ಪವೇ ಸಡಿಲವಾಗಿ ಹೊಂದೋ ನಿಯೋಡೈಮಿಯಂ ಮ್ಯಾಗ್ನೆಟ್ ಬಿಡಿ, ಬಿಟ್ಟು ಕಾಯ್ತಾ ನಿಲ್ಲಿ. ಮೇಲಿಂದ ಬಗ್ಗಿ ನೋಡಿದ್ರೆ ಅದು ಗೋಡೆಗೆ ತಾಗದೇ, ಬಾವಿಗೆ ಕೊಡ ಇಳಿಸಿದ ಹಾಗೆ ನಿಧಾನಕ್ಕೆ ಇಳೀತಾ ಇರುತ್ತೆ. ಪೈಪೇ ಇಲ್ಲಿ ಕಾಯಿಲ್, ಅದರ ಮೈಯಲ್ಲೇ ಸುಳಿ ಸುಳಿಯಾಗಿ ಕರೆಂಟ್ ಹರಿದು ಮ್ಯಾಗ್ನೆಟ್ಟನ್ನ ತಡೆ ಹಿಡಿಯುತ್ತೆ. 50 ಗ್ರಾಂ ಮ್ಯಾಗ್ನೆಟ್ ಒಂದು ಮೀಟರ್ ಇಳಿದ್ರೆ ಕಳ್ಕೊಳ್ಳೋ ಶಕ್ತಿ ಅರ್ಧ ಜೂಲ್, ಅದರಲ್ಲಿ ಬಹುಪಾಲು ಪೈಪ್ ಬಿಸಿ ಮಾಡೋದಕ್ಕೆ ಖರ್ಚಾಗುತ್ತೆ, 300 ಗ್ರಾಂ ಪೈಪ್ ಆದ್ರೆ ಒಂದು ಡಿಗ್ರಿಯ ಐನೂರನೇ ಒಂದು ಭಾಗದಷ್ಟು ಬಿಸಿ, ಮುಟ್ಟಿದ್ರೆ ಗೊತ್ತಾಗಲ್ಲ ಆದ್ರೆ ಲೆಕ್ಕ ಸರಿಯಾಗಿ ಕೂರುತ್ತೆ. ತಡೆ ಇಲ್ಲದೇ ಕರೆಂಟ್ ಹುಟ್ಟೋದಾಗಿದ್ರೆ ಮ್ಯಾಗ್ನೆಟ್ ಸರ್ರನೆ ಬೀಳಬೇಕಿತ್ತು. ನಿಮಗೆ ಮಾರೋಕೆ ಬಂದವರ ಮುಂದೆ ಈ ಪೈಪ್ ಹಿಡೀರಿ.

ಪ್ರಶ್ನೆ: ಅಲ್ಯೂಮಿನಿಯಂನಲ್ಲೂ ಸುಳಿ ಕರೆಂಟ್ ಬರುತ್ತೆ ಅಂದ್ರೆ, ನಮ್ಮ ಇಂಡಕ್ಷನ್ ಸ್ಟವ್ ಮೇಲೆ ಅಲ್ಯೂಮಿನಿಯಂ ಪಾತ್ರೆ ಇಟ್ರೆ ಯಾಕೆ ಬೀಪ್ ಬೀಪ್ ಅಂತ ಆಫ್ ಆಗುತ್ತೆ? (ಉಡುಪಿಯಿಂದ ಒಬ್ಬ ಗೃಹಿಣಿ)

ಉತ್ತರ: ಅಕ್ಕ, ಒಳ್ಳೇ ಪ್ರಶ್ನೆ. ಕರೆಂಟ್ ಬರುತ್ತೆ, ಆದ್ರೆ ಬಿಸಿ ಆಗಬೇಕು ಅಂದ್ರೆ ಕರೆಂಟಿಗೆ ಒಂದಿಷ್ಟು ಅಡ್ಡಿ ಇರಬೇಕು. ಸ್ಟವ್ ಒಳಗಿನ ಕಾಯಿಲ್‌ನಲ್ಲಿ ಕರೆಂಟ್ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಾಯಿಸುತ್ತೆ, ಅಷ್ಟು ವೇಗಕ್ಕೆ ಕಬ್ಬಿಣದ ಪಾತ್ರೆಯಲ್ಲಿ ಕರೆಂಟ್ ತಳದ ತೆಳು ಚರ್ಮದಲ್ಲಿ ಮಾತ್ರ ಇಕ್ಕಟ್ಟಿನಲ್ಲಿ ಹರಿಯುತ್ತೆ, ಹಾಗಾಗಿ ಕಾಯುತ್ತೆ. ಅಲ್ಯೂಮಿನಿಯಂನಲ್ಲಿ ಸಲೀಸಾಗಿ ಹರಿದುಹೋಗುತ್ತೆ, ಪಾತ್ರೆ ಕಾಯೋ ಬದಲು ಸ್ಟವ್‌ನ ಕಾಯಿಲ್‌ಗೇ ಹೊರೆ, ಅದನ್ನ ಗುರುತಿಸಿ ಸ್ಟವ್ ತಾನೇ ನಿಂತುಬಿಡುತ್ತೆ. ಪಾತ್ರೆ ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿನ ಒಂದು ಮ್ಯಾಗ್ನೆಟ್ ಪರ್ಸಲ್ಲಿ ಇಟ್ಕೊಳಿ, ತಳಕ್ಕೆ ಗಟ್ಟಿಯಾಗಿ ಅಂಟಿದ್ರೆ ಆ ಪಾತ್ರೆ ನಡೆಯುತ್ತೆ. ನೀರ್ ದೋಸೆ ಕಾವಲಿಯೂ ಕಬ್ಬಿಣದ್ದಾದ್ರೆ, ತಳ ಸಪಾಟಾಗಿದ್ರೆ, ಧಾರಾಳವಾಗಿ ಇಡಬಹುದು.

ಪ್ರಶ್ನೆ: ಸೆಕೆಂಡ್ ಪಿಯುಸಿ ಸ್ಟೂಡೆಂಟ್. ಫಿಸಿಕ್ಸಲ್ಲಿ ಈ ಚಾಪ್ಟರ್ ಇದೆ, ಫಾರ್ಮುಲಾ ಬರುತ್ತೆ, ಪ್ರಾಬ್ಲಂ ಮಾಡ್ತೀನಿ, ಆದ್ರೆ ಇದಕ್ಕೂ ನಮ್ಮನೆ ಸ್ವಿಚ್ಚಿಗೂ ಏನ್ ಸಂಬಂಧ ಅಂತ ಫೀಲ್ ಆಗಲ್ಲ.

ಉತ್ತರ: ಶಿವನಸಮುದ್ರದ ನೀರು, ರಾಯಚೂರಿನ ಕಲ್ಲಿದ್ದಲು, ಕೈಗಾದ ಯುರೇನಿಯಂ, ಚಿತ್ರದುರ್ಗದ ಗುಡ್ಡದ ಗಾಳಿ, ಇವೆಲ್ಲಾ ಕೊನೆಗೆ ಮಾಡೋದು ಒಂದೇ ಕೆಲಸ, ಒಂದು ಶಾಫ್ಟ್ ತಿರುಗಿಸೋದು. ನೀರು ನೇರವಾಗಿ ತಿರುಗಿಸುತ್ತೆ, ಕಲ್ಲಿದ್ದಲು ಯುರೇನಿಯಂ ಎರಡೂ ನೀರು ಕುದಿಸಿ ಹಬೆಯಿಂದ ತಿರುಗಿಸ್ತವೆ. ಆ ಶಾಫ್ಟ್ ಮೇಲೆ ಕಾಂತ, ಸುತ್ತಲೂ ಕಾಯಿಲ್. ನೀನು ಪಿವಿಸಿ ಪೈಪ್ ಕುಲುಕಿದಾಗ ಕೆಂಪು ಹಸಿರು ಆಯ್ತಲ್ಲ, ಅದೇ ಅಲ್ಲಿ ಸೆಕೆಂಡಿಗೆ 50 ಸಲ ಆಗುತ್ತೆ, ಮನೆ ಕರೆಂಟ್ ಮೀಟರ್ ಮೇಲೆ ಬರೆದಿರೋ 50 ಹರ್ಟ್ಜ್ ಅದೇ. ಫ್ಯಾರಡೆ ಮುಳ್ಳು ನಡುಗಿದ 71 ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕೊಟ್ರು, ಬೆಂಗಳೂರಿನ ಬೀದಿ ದೀಪ ಆಮೇಲೆ 1905ರಲ್ಲಿ. ಅಷ್ಟು ದೂರ ಕಳಿಸೋಕೆ ವೋಲ್ಟೇಜ್ ಏರಿಸಿದ್ದು, ಮತ್ತೆ ಇಳಿಸಿದ್ದು ಟ್ರಾನ್ಸ್‌ಫಾರ್ಮರ್, ಅದು ಫ್ಯಾರಡೆಯ ಆ ಎರಡು ಕಾಯಿಲಿನ ಕಬ್ಬಿಣದ ಬಳೆಯೇ. ನಮ್ಮಲ್ಲಿ ಈ ದಾರಿಯಲ್ಲಿ ಬರದೇ ಇರೋ ದೊಡ್ಡ ಕರೆಂಟ್ ಅಂದ್ರೆ ಪಾವಗಡದ ಸೋಲಾರ್ ಥರದ್ದು, ಅಲ್ಲಿ ಏನೂ ತಿರುಗಲ್ಲ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಫೀಲ್ ಆಗಲಿ ಅಂತ ನೀನು ಸುತ್ತಿದ ಕಾಯಿಲನ್ನ ಯಾವತ್ತೂ ಮನೆ ಪ್ಲಗ್‌ಗೆ ಚುಚ್ಚಬೇಡ, 230 ವೋಲ್ಟ್ ಪ್ರಾಣ ತೆಗೆಯುತ್ತೆ.

ಪ್ರಶ್ನೆ: ನಮ್ಮದು ಹಳ್ಳಿ, ನಿಯೋಡೈಮಿಯಂ ಎಲ್ಲಾ ಸಿಗಲ್ಲ, ತರಿಸೋಕೆ ದುಡ್ಡೂ ಇಲ್ಲ. ಏನೂ ಕೊಳ್ಳದೇ ಮಾಡೋ ಥರ ಏನಾದ್ರೂ ಇದ್ಯಾ ಸರ್? (ಬೀದರ್ ಕಡೆಯ ಒಂಬತ್ತನೇ ಕ್ಲಾಸ್ ಹುಡುಗ)

ಉತ್ತರ: ಇದೆ ಮರಿ. ಕೆಟ್ಟ ರೇಡಿಯೋ, ಹಳೇ ಟಿವಿ, ಇಂಥದ್ರಿಂದ ಎರಡು ಸ್ಪೀಕರ್ ಬಿಚ್ಕೋ. ಟಿವಿ ಆದ್ರೆ ನೀನೇ ಬಿಚ್ಚಬೇಡ, ಹಳೇ ಡಬ್ಬ ಟಿವಿ ಒಳಗೆ ಆಫ್ ಆದ ಮೇಲೂ ಶಾಕ್ ಉಳಿದಿರುತ್ತೆ, ರಿಪೇರಿಯವರ ಹತ್ರ ಬಿಚ್ಚಿಸ್ಕೋ. ಸ್ಪೀಕರ್ ಹಿಂದೆ ಇರೋ ದಪ್ಪ ಬಿಲ್ಲೆ ಮ್ಯಾಗ್ನೆಟ್, ಮುಂದಿನ ಕಾಗದದ ಕೋನ್‌ಗೆ ಒಳಗಡೆ ಅಂಟಿಸಿರೋದು ಪುಟ್ಟ ಕಾಯಿಲ್, ಅಂದ್ರೆ ನಿಂಗೆ ಬೇಕಾಗಿದ್ದೆಲ್ಲಾ ಯಾರೋ ಆಗಲೇ ಸುತ್ತಿ ಇಟ್ಟಿದ್ದಾರೆ. ಎರಡೂ ಸ್ಪೀಕರಿನ ಎರಡೆರಡು ಕಡ್ಡಿಗೆ ಉದ್ದದ ಎರಡೆಳೆ ವೈರ್ ಸೇರಿಸು, ಬ್ಯಾಟರಿ ಬೇಡ, ಬೇರೆ ಏನೂ ಬೇಡ. ಒಂದು ಸ್ಪೀಕರ್ ನಿನ್ ಹತ್ರ, ಇನ್ನೊಂದು ಪಕ್ಕದ ರೂಮಲ್ಲಿ ನಿನ್ನ ತಂಗಿ ಕಿವಿಗೆ. ನೀನು ಕೋನ್ ಮೇಲೆ ಬೆರಳಿಂದ ಮೆಲ್ಲಗೆ ತಟ್ಟು, ಅಲ್ಲಿ ಟಕ್ ಟಕ್ ಅಂತ ಕೇಳುತ್ತೆ. ಬಾಯಿ ಹತ್ರ ಹಿಡಿದು ಜೋರಾಗಿ ಮಾತಾಡಿದ್ರೆ ಸಣ್ಣಗೆ ಮಾತೂ ಕೇಳುತ್ತೆ, ಅವಳು ಕಿವಿಗೆ ಒತ್ತಿ ಹಿಡೀಬೇಕು, ಸುತ್ತ ಗಲಾಟೆ ಇರಬಾರದು. ನಿನ್ನ ದನಿಗೆ ಕೋನ್ ಅಲ್ಲಾಡಿ ಕಾಯಿಲ್ ಮ್ಯಾಗ್ನೆಟ್ ಎದುರು ಆಡುತ್ತೆ, ಕರೆಂಟ್ ಹುಟ್ಟುತ್ತೆ, ಆ ಕರೆಂಟ್ ಹೋಗಿ ಅಲ್ಲಿನ ಕಾಯಿಲ್ ಆಡಿಸುತ್ತೆ. ಬ್ಯಾಟರಿ ಇಲ್ಲದ ಆ ಕಾಲದ ಮೊದಮೊದಲ ಟೆಲಿಫೋನುಗಳು ನಡೀತಿದ್ದದ್ದು ಹೀಗೇನೇ.

ಕೇಳಲಿಲ್ಲ ಅಂದ್ರೆ ವೈರಿನ ತುದಿ ಕೆರೆದಿದ್ದೀಯಾ ನೋಡು, ಆಮೇಲೆ ಕೋನ್ ಹರಿದಿದ್ಯಾ ನೋಡು. ಸ್ಪೀಕರ್ ಸರಿ ಇದ್ಯಾ ಅಂತ ತಿಳ್ಕೊಳ್ಳೋಕೆ ಒಂದು ಪೆನ್ ಟಾರ್ಚ್ ಸೆಲ್‌ನಿಂದ ಅದರ ಕಡ್ಡಿಗಳಿಗೆ ಒಂದು ಕ್ಷಣ ಮುಟ್ಟಿಸಿ ತೆಗಿ, ಸರಿ ಇದ್ರೆ ಮುಟ್ಟಿಸಿದಾಗೊಂದು ಟಕ್, ತೆಗೆದಾಗೊಂದು ಟಕ್ ಬರುತ್ತೆ, ಹಿಡ್ಕೊಂಡೇ ಇದ್ರೆ ಏನೂ ಬರಲ್ಲ. ಆಯ್ತು ಅಂದ್ರೆ ಎಷ್ಟು ಮೀಟರ್ ವೈರಿನವರೆಗೆ ಮಾತು ಕೇಳಿಸ್ತು ಅಂತ ಅಳೆದು ನಂಗೆ ಬರಿ.